ಹದಿಹರೆಯದವರಿಗೆ ಮೆದುಳಿನ ಪಾಠ

ಮಾರ್ಚಿ ತಿಂಗಳು ಸಮೀಪಿಸಿತೆಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳತಕ್ಕ ಮಕ್ಕಳಿರುವ ಮನೆಗಳ ಸ್ಥಿತಿ ಹೇಗಿರುವುದೆಂಬುದು ನಮ್ಮ ವಾಚಕ ಮಹಾಶಯರಿಗೆ ತಿಳಿಯದ ಸಂಗತಿಯಲ್ಲ. ಬೆಳಗಿನ ಜಾವಕ್ಕೇ ಒಂದು ಟ್ಯೂಷನ್, ಹಗಲೆಲ್ಲ ಶಾಲೆ, ಸಂಜೆ ಮತ್ತೊಂದು ಟ್ಯೂಷನ್. ರಾತ್ರಿ ಹನ್ನೊಂದಾದರೂ ದೀಪವಾರದು. ಈ ನಡುವೆ ಹುಡುಗನ ಕೈಯಲ್ಲಿ ಮೊಬೈಲು ಕಂಡಿತೋ ತಂದೆಗೆ ರೋಷ. ಅಂಕಗಳು ಕಡಮೆಯಾದುವೋ ತಾಯಿಗೆ ಕಣ್ಣೀರು. “ಇವನ ತಲೆಯಲ್ಲಿ ಏನಿದೆಯೋ ದೇವರೇ ಬಲ್ಲ” ಎಂದು ಹಿರಿಯರು ನಿಟ್ಟುಸಿರಿಡುವರು. ನಾವು ಈ ದಿನ ವಿಚಾರಮಾಡಬೇಕೆಂದಿರುವುದು ಆ ಮಾತನ್ನೇ. ಹದಿಹರೆಯದವರ ತಲೆಯಲ್ಲಿ ಏನಿದೆಯೆಂಬುದು ಈಗ ಸಂಪೂರ್ಣವಾಗಿಯಲ್ಲವಾದರೂ ಬಹುಮಟ್ಟಿಗೆ ಮನುಷ್ಯರಿಗೂ ತಿಳಿದಿದೆ. ವೈದ್ಯರು ಬಲ್ಲರು, ವಿದ್ವಾಂಸರು ಬಲ್ಲರು. ಆ ತಲೆ ಯಾರದೋ ಅವರಿಗೆ ಮಾತ್ರ ಅದನ್ನು ಯಾರೂ ಹೇಳಿಲ್ಲ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೆದುಳಿನ ಪಾಠವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಇದೆ. ಮುಮ್ಮೆದುಳು, ಮಧ್ಯ ಮೆದುಳು, ಹಿಮ್ಮೆದುಳು ಎಂಬ ವಿಭಾಗಗಳುಂಟು; ಚಿತ್ರವುಂಟು; ಬಿಸಿ ಪಾತ್ರೆ ಮುಟ್ಟಿದೊಡನೆ ಕೈ ಹಿಂದಕ್ಕೆ ಬರುವ ಬಗೆಯ ವಿವರಣೆಯುಂಟು. ಚಿತ್ರ ಬರೆದು ಭಾಗಗಳನ್ನು ಹೆಸರಿಸಿದವರಿಗೆ ಅಂಕಗಳೂ ಉಂಟು. ಆದರೆ ಆ ಪಾಠವು ಯಾರದೋ ಮೆದುಳಿನ ಪಾಠ. ಅದನ್ನು ಓದುತ್ತಿರುವ ಹದಿನೈದು ವರ್ಷದ ಹುಡುಗಿಯ ಸ್ವಂತ ಮೆದುಳು ಅದೇ ಗಳಿಗೆಯಲ್ಲಿ ಬಿಚ್ಚಿ ಕಟ್ಟಲ್ಪಡುತ್ತಿರುವುದೆಂಬ, ಅವಳ ನಿದ್ರೆಗೂ ಸಿಟ್ಟಿಗೂ ಸ್ನೇಹಕ್ಕೂ ಪರೀಕ್ಷೆಯ ಭಯಕ್ಕೂ ಅದರೊಡನೆ ಸಂಬಂಧವಿರುವುದೆಂಬ ಮಾತು ಅಲ್ಲಿಲ್ಲ. ಊರಿನ ನಕ್ಷೆಯನ್ನು ಕೊಟ್ಟು, ನಿನ್ನ ಮನೆ ಇಲ್ಲಿದೆಯೆಂದು ತೋರಿಸದೆ ಬಿಟ್ಟಂತಾಯಿತು.

ತಿಳಿದಿರುವುದೇನೆಂಬುದನ್ನು ಮೊದಲು ನೋಡೋಣ. ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುವ ಈ ಅವಯವವು ಶರೀರದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಾದರೂ, ವಿಶ್ರಾಂತಿಯಲ್ಲಿರುವ ಶರೀರವು ವ್ಯಯಮಾಡುವ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ. ಇದರಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಆರು ವರ್ಷದ ಮಗುವಿನ ಮೆದುಳು ಗಾತ್ರದಲ್ಲಿ ದೊಡ್ಡವರದರ ಹತ್ತಿರಕ್ಕೆ ಬಂದುಬಿಡುವುದರಿಂದ, ಅಲ್ಲಿಗೆ ಅದರ ಕಟ್ಟಡ ಮುಗಿಯಿತೆಂದು ಬಹುಕಾಲ ಜನರು ತಿಳಿದಿದ್ದುದು ಸಹಜವೇ. ಆದರೆ 1979ನೆಯ ಇಸವಿಯಲ್ಲಿ ಷಿಕಾಗೋ ನಗರದ ಪೀಟರ್ ಹಟನ್‌ಲಾಕರ್ ಎಂಬ ವೈದ್ಯರು ನಾನಾ ವಯಸ್ಸಿನಲ್ಲಿ ತೀರಿಕೊಂಡವರ ಮೆದುಳಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಸಂಧಿಗಳನ್ನು ಎಣಿಸಿದರು. ಹಣೆಯ ಹಿಂದಿನ ಭಾಗದಲ್ಲಿ ಎಳೆಯ ಮಕ್ಕಳಲ್ಲಿ ಈ ಸಂಧಿಗಳು ದೊಡ್ಡವರಿಗಿಂತ ಎಷ್ಟೋ ದಟ್ಟವಾಗಿದ್ದು, ಹದಿಹರೆಯದವರೆಗೆ ಕ್ರಮವಾಗಿ ಕಡಮೆಯಾಗುತ್ತ ಬರುವುದನ್ನು ಕಂಡರು. ಬಳಿಕ 1999ರಲ್ಲಿ ಅಮೆರಿಕದ ಜೇ ಗೀಡ್ ಮತ್ತು ಅವರ ಸಂಗಡಿಗರು, ಜೀವಂತ ಮಕ್ಕಳ ಮೆದುಳನ್ನೇ ಎಂ.ಆರ್.ಐ. ಯಂತ್ರದಿಂದ ವರ್ಷಗಟ್ಟಲೆ ಚಿತ್ರಿಸಿ, ಮುಂಭಾಗದ ಬೂದುಬಣ್ಣದ ಪದಾರ್ಥವು ಹುಡುಗಿಯರಲ್ಲಿ ಸುಮಾರು 11ನೆಯ ವಯಸ್ಸಿನಲ್ಲಿಯೂ ಹುಡುಗರಲ್ಲಿ 12ರಲ್ಲಿಯೂ ಉಚ್ಚಸ್ಥಿತಿಯನ್ನು ಮುಟ್ಟಿ, ಅನಂತರ ಇಳಿಯುವುದೆಂದು ಪ್ರಕಟಿಸಿದರು.

ಇಳಿಯುವುದೆಂದರೆ ಹಾಳಾಗುವುದೆಂದಲ್ಲ. ನಮ್ಮ ತೋಟಿಗರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಲ್ಲಿಗೆಯ ಗಿಡವನ್ನು ಸವರದೆ ಬಿಟ್ಟರೆ ಹಬ್ಬುತ್ತದೆಯೇ ಹೊರತು ಹೂವು ಬಿಡುವುದು ಕಡಮೆ. ಮೆದುಳೂ ಹಾಗೆಯೇ ಬಳಸಿದ ದಾರಿಗಳನ್ನು ಉಳಿಸಿಕೊಂಡು ಬಳಸದವುಗಳನ್ನು ಸವರಿಹಾಕುತ್ತದೆ. ಉಳಿದ ದಾರಿಗಳ ನರತಂತುಗಳಿಗೆ ಕೊಬ್ಬಿನ ಬಿಳಿಯ ಹೊದಿಕೆ ಸುತ್ತಿಕೊಂಡು, ಅವುಗಳಲ್ಲಿ ಸುದ್ದಿ ಅನೇಕ ಪಟ್ಟು ವೇಗವಾಗಿ ಹರಿಯುವಂತಾಗುತ್ತದೆ. ಈ ಕೆಲಸವು ಮೆದುಳಿನ ಹಿಂಭಾಗದಿಂದ ಮುಂಭಾಗಕ್ಕೆ ನಡೆಯುತ್ತ ಬಂದು, ಮುಂದಾಲೋಚನೆ, ತಾಳ್ಮೆ, ತೂಗಿನೋಡುವಿಕೆ ಮುಂತಾದವುಗಳಿಗೆ ಆಧಾರವಾದ ಹಣೆಯ ಹಿಂಬದಿಯನ್ನು ಕಟ್ಟಕಡೆಗೆ ಮುಟ್ಟುತ್ತದೆ; ಇಪ್ಪತ್ತರ ವಯಸ್ಸು ದಾಟಿದ ಮೇಲೂ ಕೆಲವು ವರ್ಷ ಸಾಗುತ್ತಿರುತ್ತದೆ. ಇಪ್ಪತ್ತೈದನೆಯ ಹುಟ್ಟುಹಬ್ಬದಂದು ಮೆದುಳು ಪಕ್ವವಾಗುವುದೆಂದು ಈಚೆಗೆ ಎಲ್ಲರ ಬಾಯಲ್ಲಿಯೂ ಕೇಳಿಬರುವ ಮಾತು ಮಾತ್ರ ಉತ್ಪ್ರೇಕ್ಷೆ. ಅಂಥ ಗೆರೆಯನ್ನು ಯಾವ ವಿಜ್ಞಾನಿಯೂ ಎಳೆದಿಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ನಮ್ಮ ಹಿರಿಯರ ಗಾದೆಯಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವೇನೆಂದರೆ, ಮರವೂ ಬಗ್ಗುತ್ತದೆ, ಶ್ರಮ ಹೆಚ್ಚು, ಅಷ್ಟೆ. ಮತ್ತು ಹದಿನೈದರ ಹುಡುಗನನ್ನು ಮರವೆಂದು ತೀರ್ಮಾನಿಸಿ ಕೈಬಿಡುವುದು ಮಹಾಪರಾಧ.

ಇಷ್ಟನ್ನು ಉಪನ್ಯಾಸವಾಗಿ ಹೇಳಿದರೆ ಮಕ್ಕಳು ಆಕಳಿಸುವರು. ಆದುದರಿಂದಲೇ ಹೊರದೇಶಗಳಲ್ಲಿ ಕೆಲವರು ಕಥೆಯ ಮಾರ್ಗವನ್ನು ಹಿಡಿದರು; ಅದರಲ್ಲಿಯೂ ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ ನಡೆದು, ನಡುನಡುವೆ ನಿಂತು, “ಈಗ ನೀನಾದರೆ ಏನು ಮಾಡುವೆ?” ಎಂದು ಓದುಗನನ್ನೇ ಪ್ರಶ್ನಿಸಿ, ಅವನು ಆರಿಸಿದ ದಾರಿಯಲ್ಲಿ ಮುಂದುವರಿಯುವ ಕಥೆ. ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ರೈಸ್ ವಿಶ್ವವಿದ್ಯಾನಿಲಯದವರು ಸುಮಾರು ಎರಡು ದಶಕಗಳ ಹಿಂದೆ ‘ರೀಕನ್‌ಸ್ಟ್ರಕ್ಟರ್ಸ್’ ಎಂಬ ಹೆಸರಿನಲ್ಲಿ ಇಂಥದೊಂದನ್ನು ಮಾಡಿದರು. ಮುಂಬರುವ ಯಾವುದೋ ಕಾಲದಲ್ಲಿ ವೈದ್ಯಜ್ಞಾನವೆಲ್ಲ ನಷ್ಟವಾಗಿಹೋಗಿರುವುದು. ಓದುವ ಬಾಲಕನು ನೋವುನಿವಾರಕಗಳು, ಅಫೀಮಿನ ಜಾತಿಯ ಪದಾರ್ಥಗಳು ಮೆದುಳಿನಲ್ಲಿ ಏನು ಮಾಡುವುವೆಂಬುದನ್ನು ತಾನೇ ಶೋಧಿಸಿ ಮತ್ತೆ ಕಲೆಹಾಕಬೇಕು. ಮಾದಕವಸ್ತು ಕೆಟ್ಟದ್ದೆಂದು ನೂರು ಸಲ ಗದರಿಸುವುದಕ್ಕಿಂತ ಈ ಉಪಾಯ ಎಷ್ಟು ಮೇಲೆಂಬುದನ್ನು ಉಪಾಧ್ಯಾಯರಾದವರು ಒಪ್ಪುವರು.

ಆದರೆ ನಮ್ಮವರು ಇದನ್ನು ಹೊಸ ವಿದ್ಯೆಯೆಂದು ಬೆರಗಾಗಬೇಕಾಗಿಲ್ಲ. ವಿಕ್ರಮರಾಜನ ಹೆಗಲೇರಿದ ಬೇತಾಳವು ಮಾಡುತ್ತಿದ್ದುದು ಬೇರೇನು? ಕಥೆ ಹೇಳಿ, ಸಂಕಟದ ಜಾಗದಲ್ಲಿ ನಿಲ್ಲಿಸಿ, ಉತ್ತರ ಕೇಳುತ್ತಿತ್ತು; ಬಲ್ಲವನಾಗಿಯೂ ಸುಮ್ಮನಿದ್ದರೆ ತಲೆ ಸಹಸ್ರ ಹೋಳಾಗುವುದೆಂಬ ಕರಾರು ಬೇರೆ. (ಮೆದುಳಿನ ಪಾಠಕ್ಕೆ ಇದಕ್ಕಿಂತ ಒಪ್ಪುವ ಕರಾರು ದೊರೆಯದು.) ಕರಾವಳಿಯ ತಾಳಮದ್ದಳೆಯಲ್ಲಿಯೂ ಪ್ರಸಂಗ ಎಲ್ಲರಿಗೂ ತಿಳಿದದ್ದೇ, ಜನರು ರಾತ್ರಿಯೆಲ್ಲ ಕುಳಿತು ಕೇಳುವುದು, ಅರ್ಥಧಾರಿಗಳು ಆ ಪಾತ್ರಗಳ ಸ್ಥಾನದಲ್ಲಿ ನಿಂತು ಏನು ವಾದಿಸುವರು ಎಂಬುದನ್ನು. ಪ್ರಶ್ನೆಯಿಂದ ನಡೆಯುವ ಕಥೆ ನಮ್ಮ ರಕ್ತದಲ್ಲಿದೆ. ಇಲ್ಲದಿರುವುದು ಅದರೊಳಗೆ ತುಂಬತಕ್ಕ ಸರಕು.

ಆ ಸರಕು ನಮ್ಮ ಬಡಾವಣೆಗಳ ಹುಡುಗರ ಬಾಳಿಗೆ ಹೊಂದುವಂಥದ್ದಾಗಿರಬೇಕು. ದೃಷ್ಟಾಂತಕ್ಕೆ ಕೆಂಗೇರಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿರಿ. ನಾಳೆ ಗಣಿತದ ಪರೀಕ್ಷೆ, ಗಂಟೆ ಹನ್ನೊಂದು. ಎರಡು ದಾರಿಗಳು: ಎರಡು ಗಂಟೆಯವರೆಗೆ ಎಚ್ಚರವಿದ್ದು ಪುಸ್ತಕವನ್ನು ಮೂರನೆಯ ಸಲ ಓದುವುದು, ಅಥವಾ ಪುಸ್ತಕ ಮುಚ್ಚಿ, ನೆನಪಿನಿಂದ ನಾಲ್ಕು ಲೆಕ್ಕ ಬಿಡಿಸಿ, ಮಲಗುವುದು. ಮೊದಲನೆಯದನ್ನು ಆರಿಸಿದ ಓದುಗನಿಗೆ ಕಥೆಯು ಬೈಯತಕ್ಕದ್ದಲ್ಲ. ಅವಳ ಮೆದುಳಿನೊಳಕ್ಕೆ ಕರೆದೊಯ್ದು ತೋರಿಸತಕ್ಕದ್ದು. ಹಗಲಿನಲ್ಲಿ ಕಲಿತದ್ದು ಗಟ್ಟಿಯಾಗುವುದು ನಿದ್ರೆಯಲ್ಲಿ. ಮತ್ತೆಮತ್ತೆ ಓದುವುದರಿಂದ ಬಂದೀತೆಂಬ ಭ್ರಮೆ ಬೆಳೆಯುತ್ತದೆ; ನೆನಪಿನಿಂದ ಹೊರತೆಗೆದದ್ದೇ ನಿಲ್ಲುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಹದಿಹರೆಯದಲ್ಲಿ ನಿದ್ರೆಯ ಗಡಿಯಾರವೇ ಹಿಂದಕ್ಕೆ ಸರಿದು, ರಾತ್ರಿ ಬೇಗ ನಿದ್ರೆ ಬಾರದು, ಬೆಳಿಗ್ಗೆ ಬೇಗ ಎಚ್ಚರವಾಗದು. ಈ ವಯಸ್ಸಿಗೆ ಬೇಕಾದುದು ಎಂಟರಿಂದ ಹತ್ತು ಗಂಟೆಗಳ ನಿದ್ರೆ. ಹೀಗಿರುವಲ್ಲಿ ಕತ್ತಲೆಯಿನ್ನೂ ಹರಿಯದ ಹೊತ್ತಿನ ಟ್ಯೂಷನ್ನಿಗೆ ಎಬ್ಬಿಸಿ, ತೂಕಡಿಸಿದರೆ ಸೋಮಾರಿಯೆಂದು ಜರೆಯುವ ನಮ್ಮ ಪದ್ಧತಿಯಲ್ಲಿ ನ್ಯಾಯವೆಷ್ಟು? ಕಥೆ ಮಕ್ಕಳಿಗೆಂದು ಬರೆದದ್ದಾದರೂ ಈ ಪುಟವನ್ನು ತಂದೆತಾಯಿಗಳು ಕದ್ದು ಓದಿದರೆ ಒಳ್ಳೆಯದು.

ಇನ್ನೊಂದು ಕಥೆ ರಸ್ತೆಯದು. 2005ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಎಂಬವರು 306 ಮಂದಿಗೆ ಗಣಕಯಂತ್ರದಲ್ಲಿ ಮೋಟಾರು ಓಡಿಸುವ ಆಟವನ್ನು ಕೊಟ್ಟರು. ಹಳದಿ ದೀಪ ಹೊತ್ತಿದ ಮೇಲೂ ಮುಂದೆ ಹೋದಷ್ಟೂ ಲಾಭ, ಆದರೆ ಅಕಸ್ಮಾತ್ತಾಗಿ ಗೋಡೆ ಅಡ್ಡ ಬಂದರೆ ಎಲ್ಲವೂ ನಷ್ಟ. ಒಂಟಿಯಾಗಿ ಆಡಿದಾಗ ಹುಡುಗರು ದೊಡ್ಡವರಿಗಿಂತ ಬಹಳ ಬೇರೆಯಾಗಿ ನಡೆದುಕೊಳ್ಳಲಿಲ್ಲ. ಗೆಳೆಯರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಾಗ ಮಾತ್ರ 13ರಿಂದ 16 ವಯಸ್ಸಿನವರ ಸಾಹಸ ಮಿತಿಮೀರಿತು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎಂದರೆ ಅಪಾಯವೇನೆಂಬುದು ಹುಡುಗರಿಗೆ ತಿಳಿಯದೆಂದಲ್ಲ. ಗೆಳೆಯರ ಕಣ್ಣು ತಮ್ಮ ಮೇಲಿರುವಾಗ ಸಿಗುವ ಸಂತೋಷವು ಆ ತಿಳಿವಳಿಕೆಯನ್ನು ಮೆಟ್ಟಿಹಾಕುತ್ತದೆ. ಮಾಗಡಿ ರಸ್ತೆಯಲ್ಲಿ ರಾತ್ರಿಯ ವೇಳೆ ಒಂದೇ ಸ್ಕೂಟರಿನಲ್ಲಿ ಮೂವರು ಬಾಲಕರು ಶಿರಸ್ತ್ರಾಣವಿಲ್ಲದೆ ಹಾರಿಹೋಗುವುದನ್ನು ಕಂಡಿರುವ ಯಾರಿಗೂ ಈ ಪ್ರಯೋಗವನ್ನು ವಿವರಿಸಬೇಕಾಗಿಲ್ಲ. ಅದೇ ಆಟವನ್ನು ಕಥೆಯೊಳಗಿಟ್ಟು ಆ ಮೂವರ ಕೈಗೇ ಕೊಟ್ಟು, ಮೊದಲು ಒಂಟಿಯಾಗಿ, ಆಮೇಲೆ ಒಟ್ಟಾಗಿ ಆಡಿಸಿ, ತಮ್ಮ ಅಂಕಗಳನ್ನು ತಾವೇ ಹೋಲಿಸಿ ನೋಡುವಂತೆ ಮಾಡಿದರೆ, ಪೋಲೀಸಿನವರ ದಂಡದಿಂದ ಹುಟ್ಟದ ವಿವೇಕ ಹುಟ್ಟುವ ಸಂಭವವುಂಟು.

ಇದರಿಂದ ಪ್ರಯೋಜನವಾದದ್ದುಂಟೇ ಎಂದು ಅಧಿಕಾರಿಗಳು ಕೇಳುವರು, ಕೇಳಬೇಕಾದ್ದೇ. 2007ರಲ್ಲಿ ಲಿಸಾ ಬ್ಲ್ಯಾಕ್‌ವೆಲ್, ಕ್ಯಾರಲ್ ಡ್ವೆಕ್ ಮೊದಲಾದವರು ನ್ಯೂಯಾರ್ಕಿನ ಒಂದು ಸಾರ್ವಜನಿಕ ಶಾಲೆಯ ಏಳನೆಯ ತರಗತಿಯ ಸುಮಾರು 90 ಮಕ್ಕಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ಎಂಟು ಪಾಠಗಳನ್ನು ಹೇಳಿಸಿದರು. ಒಂದಕ್ಕೆ ಓದುವ ಕ್ರಮಗಳ ಪಾಠ ಮಾತ್ರ. ಮತ್ತೊಂದಕ್ಕೆ ಅದರ ಸಂಗಡ ಮೆದುಳು ಕಲಿತಂತೆಲ್ಲ ಹೊಸ ಕೂಡಿಕೆಗಳನ್ನು ಬೆಳೆಸಿಕೊಳ್ಳುವುದೆಂಬ ಪಾಠ. ಮೊದಲನೆಯ ಗುಂಪಿನ ಗಣಿತದ ಅಂಕಗಳು ಇಳಿಯುತ್ತಲೇ ಹೋದುವು; ಎರಡನೆಯದರ ಇಳಿತ ನಿಂತಿತು. ಆಮೇಲೆ ಅದೇ ತತ್ತ್ವವನ್ನು ಒಂದು ಗಂಟೆಗೂ ಕಡಮೆ ಹೊತ್ತಿನ ಆನ್‌ಲೈನ್ ಪಾಠವನ್ನಾಗಿ ಮಾಡಿ, ಒಂಬತ್ತನೆಯ ತರಗತಿಯ 12,000ಕ್ಕೂ ಹೆಚ್ಚು ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದ ಫಲವು 2019ರಲ್ಲಿ ಪ್ರಕಟವಾಯಿತು. ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ದರ್ಜೆ, ನಾಲ್ಕರ ಅಳತೆಯಲ್ಲಿ, ಸುಮಾರು 0.1ರಷ್ಟು ಏರಿತು. ಬಹಳ ಅಲ್ಪವೆಂದು ನಗುವವರು ನಗಲಿ. ಒಂದು ಗಂಟೆಯ ವ್ಯಯಕ್ಕೆ, ಹೆಚ್ಚುಕಡಮೆ ಏನೂ ಖರ್ಚಿಲ್ಲದೆ, ಕೆಳಗೆ ಬಿದ್ದವನೇ ಸ್ವಲ್ಪ ಮೇಲಕ್ಕೇಳುವ ಉಪಾಯ ಬೇರೆ ಯಾವುದಿದೆ? ಶಾಲೆಯ ವಾತಾವರಣವೇ ಆ ಪಾಠಕ್ಕೆ ವಿರುದ್ಧವಾಗಿದ್ದಲ್ಲಿ ಫಲ ಕಡಮೆಯಾಯಿತೆಂಬುದನ್ನೂ ಅವರು ಬರೆದಿದ್ದಾರೆ. ‘ದಡ್ಡ’ ಎಂದು ಕರೆಯುವ ಉಪಾಧ್ಯಾಯನ ತರಗತಿಯಲ್ಲಿ ಕುಳಿತವನಿಗೆ ಪರದೆಯ ಮೇಲಿನ ಕಥೆಯೊಂದೇ ಏನು ತಾನೇ ಮಾಡೀತು?

ನಿಜವಾದ ವಿದ್ಯೆ ಸುಮ್ಮನಿದ್ದಲ್ಲಿ ಸುಳ್ಳು ವಿದ್ಯೆ ಅಂಗಡಿ ತೆರೆಯುತ್ತದೆ. ಕೆಲವು ವರ್ಷಗಳ ಕೆಳಗೆ ನಮ್ಮ ನಾಡಿನಲ್ಲಿ ‘ಮಧ್ಯ ಮೆದುಳಿನ ಜಾಗೃತಿ’ ಎಂಬ ಹೆಸರಿನ ಶಿಬಿರಗಳು ಎದ್ದವು. ಮಲಗಿರುವ ಮಧ್ಯ ಮೆದುಳನ್ನು ಎಬ್ಬಿಸಿದರೆ ಮಗುವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕ ಓದುವುದೆಂದು ಹೇಳಿ, ತಂದೆತಾಯಿಗಳಿಂದ ಸಾವಿರಾರು ರೂಪಾಯಿ ವಸೂಲು ಮಾಡಿದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು, ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣಿಕಿ ನೋಡುವರೆಂಬುದನ್ನು ಊರೂರಿನಲ್ಲಿ ತೋರಿಸಿ, ಪಂಥವೊಡ್ಡಿ, ಈ ಠಕ್ಕನ್ನು ಬಯಲಿಗೆಳೆದರು. ಮಧ್ಯ ಮೆದುಳು ಯಾರಲ್ಲಿಯೂ ಮಲಗಿರುವುದಿಲ್ಲ. ಬೆಳಕು ಬಿದ್ದಾಗ ಕಣ್ಣಿನ ಪಾಪೆ ಕಿರಿದಾಗುವುದು ಅದರಿಂದಲೇ. ವಂಚನೆಗಿಂತ ಹೆಚ್ಚಾಗಿ ನಮ್ಮನ್ನು ನೋಯಿಸುವುದೆಂದರೆ, ಇಣಿಕಿ ನೋಡಿ ತಂದೆತಾಯಿಗಳಿಗೆ ಸುಳ್ಳು ಹೇಳುವುದನ್ನು ಆ ಮಕ್ಕಳು ಕಲಿತರಲ್ಲ ಎಂಬುದು. ಮೆದುಳಿನಲ್ಲಿ ನಾವು ಬಳಸುವುದು ಹತ್ತರಲ್ಲೊಂದು ಪಾಲನ್ನು ಮಾತ್ರವೆಂಬ ಮತ್ತೊಂದು ಸುಳ್ಳು ಇಂದಿಗೂ ಓದಿದವರ ಬಾಯಲ್ಲಿಯೇ ಓಡಾಡುತ್ತಿದೆ.

ಮೊಬೈಲೇ ರೋಗವಾಗಿರುವಾಗ ಅದರಲ್ಲಿಯೇ ಔಷಧವನ್ನು ಕೊಡಬೇಕೇ ಎಂಬ ಆಕ್ಷೇಪಣೆಯನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಇದೇ ಊರಿನ ನಿಮ್ಹಾನ್ಸ್ ಸಂಸ್ಥೆಯವರು 2014ರಲ್ಲಿ, ಮೊಬೈಲು ಗಣಕಯಂತ್ರಗಳ ಅತಿಬಳಕೆಗೆ ಸಿಕ್ಕಿದವರಿಗಾಗಿ ‘ಷಟ್’ ಎಂಬ ಚಿಕಿತ್ಸಾಲಯವನ್ನೇ ತೆರೆಯಬೇಕಾಯಿತು. ಆದರೆ ಆ ಯಂತ್ರವು ಹುಡುಗರನ್ನು ಹಿಡಿದಿಡುವುದು ಹೇಗೆ? ಈ ಸಲ ಏನು ಸಿಕ್ಕೀತೋ ಎಂಬ ಅನಿಶ್ಚಿತವಾದ ಬಹುಮಾನದ ಆಸೆಯಿಂದ. ಹದಿಹರೆಯದ ಮೆದುಳು ಇಂಥ ಆಸೆಗೆ ವಿಶೇಷವಾಗಿ ಮನಸೋಲುವುದೆಂದು ವಿದ್ವಾಂಸರಲ್ಲಿ ಅನೇಕರ ಮತ. ಬೆರಳಿನಿಂದ ಪರದೆಯನ್ನು ಸರಿಸುತ್ತಿರುವಾಗಲೇ, ಸರಿಸುತ್ತಿರುವುದೇಕೆಂಬುದನ್ನು ಹೇಳುವ ಕಥೆಗೆ ಬೇರೆ ಜಾಗವೆಲ್ಲಿ? ಆದರೆ ಕರಾರುಗಳಿರಬೇಕು. ಜಾಹೀರಾತು ಕೂಡದು, ಮುಗಿಯದೆ ಎಳೆಯುತ್ತ ಹೋಗುವ ಕಥೆ ಕೂಡದು, ಅರ್ಧ ಗಂಟೆಗೆ ಮುಗಿಯಬೇಕು, ಓದುಗನು ಯಾವ ದಾರಿ ಆರಿಸಿದನೆಂಬುದನ್ನು ಬರೆದಿಟ್ಟುಕೊಂಡು ವ್ಯಾಪಾರಿಗಳಿಗೆ ಮಾರುವುದಂತೂ ಕೂಡಲೇ ಕೂಡದು. ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವುದನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶದ ಕಾಯಿದೆಯೇ ನಿಷೇಧಿಸಿರುವುದರಿಂದ ಇದು ನಮ್ಮ ಆಗ್ರಹ ಮಾತ್ರವಲ್ಲ.

ಭಾಷೆಯ ಮಾತನ್ನು ಬಿಟ್ಟು ಮುಂದೆ ಹೋಗಲಾರೆವು. ಇಂಗ್ಲಿಷಿನಲ್ಲಿ ಇಂಥ ಕಥೆಗಳು ನಾಳೆಯೇ ದೊರೆಯಬಹುದು. ಹಣವುಳ್ಳವರ ಮಕ್ಕಳು ಓದಲೂ ಓದುವರು. ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ ಹುಡುಗಿಗೆ ಏನು ದೊರೆಯುವುದೆಂಬುದೇ ಪ್ರಶ್ನೆ. ಇಂಥ ವಿಷಯ ಕನ್ನಡದಲ್ಲಿ ಬಾರದೆಂಬುವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅದು ಎರಡೇ ವರ್ಷ ಬದುಕಿದ್ದು ಅವರ ತಪ್ಪಲ್ಲ, ಕೊಂಡು ಓದದ ಜನರದ್ದು. ಶಿವರಾಮ ಕಾರಂತರು 1936ರಲ್ಲಿ ಒಬ್ಬರೇ ಕುಳಿತು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಕಟ್ಟಿದರು. ‘ಕೊರವಂಜಿ’ಯಿಂದ ನಾಡನ್ನೆಲ್ಲ ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರೇ ಮನೋರೋಗಗಳ ವಿಷಯವಾಗಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ನಿಮ್ಹಾನ್ಸಿನಲ್ಲಿದ್ದ ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳು ಹಳ್ಳಿಹಳ್ಳಿಗೆ ಹೋಗಿವೆ. ನರಕೋಶ, ನರಸಂಧಿ, ಮಿದುಳುಬಳ್ಳಿ ಮುಂತಾದ ಮಾತುಗಳು ಆಗಲೇ ಬಳಕೆಯಲ್ಲಿರುವಾಗ ಪರಿಭಾಷೆಯ ಅಭಾವವೆಂಬ ನೆಪವೂ ಉಳಿದಿಲ್ಲ. ಡೋಪಮಿನ್ ಎಂಬಂಥ ಹೆಸರುಗಳನ್ನು ಹಾಗೆಯೇ ಇಟ್ಟುಕೊಂಡರೆ ಕನ್ನಡಮ್ಮನಿಗೆ ಮೈಲಿಗೆಯಾಗುವುದಿಲ್ಲ.

ಇನ್ನು ಅನುಕೂಲತೆಗಳು. ಜಗತ್ತಿನ ಎಷ್ಟೋ ನಗರಗಳಿಗೆ ಇಲ್ಲದ ಭಾಗ್ಯ ಬೆಂಗಳೂರಿಗಿದೆ. 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರಲ್ಲಿ ಈಗಿನ ಸ್ವರೂಪಕ್ಕೆ ಬಂದ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮೆದುಳಿನ ಭಂಡಾರವಿದೆ; ಅದಕ್ಕೆ ಸೇರಿದ ವಸ್ತುಸಂಗ್ರಹಾಲಯದಲ್ಲಿ, ಬಂದವರು ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಸತ್ತ ಮೇಲೂ ತಮ್ಮ ಮೆದುಳನ್ನು ವಿದ್ಯೆಗೆ ದಾನಮಾಡಿದ ಕುಟುಂಬಗಳ ಔದಾರ್ಯವದು. ಕೆಂಗೇರಿಯಿಂದ ನಗರದ ನಡುವಿಗೆ ಮೆಟ್ರೋ ರೈಲು 2021ರ ಆಗಸ್ಟಿನಿಂದ ಓಡುತ್ತಿದೆ. ರಾಜಾಜಿನಗರಕ್ಕೆ ಸಮೀಪದಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನದ ಪಂಡಿತರಿದ್ದಾರೆ. ಪಠ್ಯಪುಸ್ತಕಗಳಲ್ಲಿ ಚೌಕುಳಿ ಗುರುತನ್ನು ಅಚ್ಚುಹಾಕಿ ‘ದೀಕ್ಷಾ’ ಜಾಲದ ಪಾಠಗಳಿಗೆ ಜೋಡಿಸುವ ಏರ್ಪಾಡು ಆಗಲೇ ಇದೆ. ಕಥೆ ಬರೆಯಬಲ್ಲವರು, ಚಿತ್ರ ಬರೆಯಬಲ್ಲವರು, ಗಣಕಯಂತ್ರದ ಕೆಲಸ ಬಲ್ಲವರು ಈ ಊರಿನಲ್ಲಿ ಬೀದಿಗೊಬ್ಬರಿದ್ದಾರೆ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂಡಿಸುವವರು ಮಾತ್ರ ಇಲ್ಲ.

ವಿದ್ಯಾ ಇಲಾಖೆಯವರು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಬಾಬಲ್ಲ. ಆರು ಕಥೆಗಳು ಸಾಕು: ನಿದ್ರೆ, ಮರೆವು, ಸಿಟ್ಟು, ಗೆಳೆಯರು, ಮಾದಕವಸ್ತು, ಪರೀಕ್ಷೆಯ ಭಯ. ಬರೆದದ್ದನ್ನು ಅಚ್ಚುಕಟ್ಟು ಮಾಡುವ ಮೊದಲು ಹದಿನೈದರ ಮಕ್ಕಳಿಗೇ ಓದಿಸಿ, ಅವರು ಎಲ್ಲಿ ನಕ್ಕರು, ಎಲ್ಲಿ ಬೇಸತ್ತರು ಎಂಬುದನ್ನು ಗುರುತಿಸಿಕೊಂಡು ತಿದ್ದಬೇಕು. ಕಥೆಯ ಕೊನೆಯಲ್ಲಿ, ಮನಸ್ಸಿನ ಸಂಕಟಕ್ಕೆ ಹಗಲಿರುಳೂ ಸಹಾಯ ದೊರೆಯುವ, ಕನ್ನಡದಲ್ಲಿಯೂ ಮಾತನಾಡಬಹುದಾದ 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ಕಾಣಿಸಬೇಕು. ಮನೆಯಲ್ಲಿ ಮೊಬೈಲು ಒಂದೇ ಇದ್ದು, ಅದೂ ತಂದೆಯೊಡನೆ ಕೆಲಸಕ್ಕೆ ಹೋಗಿಬಿಡುವ ಮಕ್ಕಳಿಗಾಗಿ ಗ್ರಂಥಾಲಯಗಳಲ್ಲಿ ನಾಲ್ಕು ಪರದೆಗಳನ್ನಿಡಬೇಕು. ವಿಜಯನಗರದ ಹಂಪಿನಗರದಲ್ಲಿ ಪಶ್ಚಿಮ ವಲಯದ ದೊಡ್ಡ ಗ್ರಂಥಾಲಯವೇ ಇದೆ. ಅಲ್ಲಿ ಸ್ಪರ್ಧಾಪರೀಕ್ಷೆಗಳಿಗೆ ಓದುವ ತರುಣರ ನಡುವೆ ಪ್ರೌಢಶಾಲೆಯ ಮಕ್ಕಳಿಗೂ ಒಂದು ಮೂಲೆಯನ್ನು ಬಿಡಿಸಿಕೊಡುವುದು ಅಸಾಧ್ಯವಲ್ಲ. ಮುಂದಿನ ಬೇಸಗೆಯ ರಜೆಯೊಳಗಾಗಿ ಒಂದು ಕಥೆಯಾದರೂ ಅಲ್ಲಿಗೆ ಬರಬೇಕೆಂಬುದು ನಮ್ಮ ಅಪೇಕ್ಷೆ. ಇದರ ಸಾಧಕಬಾಧಕಗಳನ್ನು ಕುರಿತು ಉಪಾಧ್ಯಾಯರೂ, ವೈದ್ಯರೂ, ವಿಶೇಷವಾಗಿ ವಿದ್ಯಾರ್ಥಿಗಳೂ ಬರೆದು ಕಳುಹಿಸಿದ ಪತ್ರಗಳಿಗೆ ನಮ್ಮ ಪತ್ರಿಕೆಯಲ್ಲಿ ಸ್ಥಳವುಂಟು.